ಬೆಂಕಿಗೆ ಹೆದರಿ ಗಾಳಿಗೆ ಬಿಟ್ಟದ್ದು

ಅಮೆರಿಕದ ಮಿಷಿಗನ್ ರಾಜ್ಯದ ನೆಲದಡಿ ಪುರಾತನ ಸಮುದ್ರವೊಂದು ಹೂತುಹೋಗಿದೆ. ಅಲ್ಲಿ ಆಳಕ್ಕೆ ಬಾವಿ ಕೊರೆದರೆ ಕಟು ಉಪ್ಪುನೀರು ಚಿಮ್ಮುತ್ತದೆ. ಆ ನೀರಿನಲ್ಲಿ ಅಡುಗೆ ಉಪ್ಪಿನ ಜತೆಗೆ ಬ್ರೋಮಿನ್ ಕೂಡ ಕರಗಿದೆ. 1890ರ ದಶಕದಲ್ಲಿ ಹರ್ಬರ್ಟ್ ಡೌ ಎಂಬ ತರುಣ ಮಿಡ್‌ಲ್ಯಾಂಡ್ ಎಂಬ ಊರಿನಲ್ಲಿ ವಿದ್ಯುತ್ ಹಾಯಿಸಿ ಈ ಬ್ರೋಮಿನನ್ನು ಅಗ್ಗವಾಗಿ ಬೇರ್ಪಡಿಸಲು ಕಲಿತ. ಮುಂದೆ ಜಗದ್ವಿಖ್ಯಾತವಾದ, ಒಂದಷ್ಟು ಕುಖ್ಯಾತವೂ ಆದ ಡೌ ಕೆಮಿಕಲ್ ಕಂಪನಿಗೆ ಅದೇ ಬುನಾದಿ. ಬ್ರೋಮಿನ್ ಕೆಂಪು-ಕಂದು ಬಣ್ಣದ, ಹೊಗೆಯಾಡುವ, ಮೂಗಿಗೆ ಉರಿ ಹತ್ತಿಸುವ ದ್ರವ. ಫೋಟೊ ಫಿಲ್ಮಿಗೆ, ನಿದ್ದೆ ಬರಿಸುವ ಔಷಧಿಗೆ ಅಷ್ಟಿಷ್ಟು ಬೇಕಾಗುತ್ತಿತ್ತು. ಅಷ್ಟರಿಂದ ಯಾವ ಕಾರ್ಖಾನೆಯೂ ದೊಡ್ಡದಾಗಿ ಬೆಳೆಯುವುದಿಲ್ಲ.

ದೊಡ್ಡ ಗಿರಾಕಿ ಸಿಕ್ಕಿದ್ದು 1920ರ ದಶಕದಲ್ಲಿ. ಕಾರಿನ ಎಂಜಿನ್ ಕಟಕಟ ಬಡಿಯದಿರಲೆಂದು ಆಗ ಪೆಟ್ರೋಲಿಗೆ ಸೀಸ ಬೆರೆಸಲು ಶುರುಮಾಡಿದ್ದರು. ಉರಿದ ಸೀಸ ಎಂಜಿನ್ನಿನೊಳಗೇ ಕೂತು ಗಟ್ಟಿಯಾಗತೊಡಗಿತು. ಅದನ್ನು ಹೊರಗೆ ಸಾಗಿಸಲು ಎಥಿಲೀನ್ ಡೈಬ್ರೋಮೈಡ್ ಬೆರೆಸಿದರು. ಸೀಸ ಮತ್ತು ಬ್ರೋಮಿನ್ ಕೂಡಿಕೊಂಡು ಸೈಲೆನ್ಸರಿನ ಮೂಲಕ ಬೀದಿಯ ಗಾಳಿಗೆ ಬಂದವು. ಐದು ದಶಕ ಇದೇ ನಡೆಯಿತು; ಬ್ರೋಮಿನ್ ಉದ್ಯಮ ಕೊಬ್ಬಿತು. 1970ರ ದಶಕದಲ್ಲಿ ಅಮೆರಿಕದ ಸರ್ಕಾರ ಪೆಟ್ರೋಲಿನ ಸೀಸಕ್ಕೆ ಕಡಿವಾಣ ಹಾಕಿದಾಗ ಉಸಿರು ಕಟ್ಟಿದ್ದು ಸೀಸದವರಿಗಷ್ಟೇ ಅಲ್ಲ, ಬ್ರೋಮಿನ್‌ನವರಿಗೂ. ಬಾವಿಗಳಿವೆ, ಯಂತ್ರಗಳಿವೆ, ಕೊಳ್ಳುವವರಿಲ್ಲ. ಹೊಸ ಗಿರಾಕಿ ಬೇಕಿತ್ತು. ಆ ಗಿರಾಕಿಯ ಹೆಸರು ಬೆಂಕಿಯ ಭಯ.

ಭಯಕ್ಕೆ ಕಾರಣವಿತ್ತು. ಮಹಾಯುದ್ಧದ ಬಳಿಕ ಅಮೆರಿಕದ ಮನೆಗಳಲ್ಲಿ ಹತ್ತಿ, ಉಣ್ಣೆ, ಕುದುರೆ ಕೂದಲು ತುಂಬಿದ ಪೀಠೋಪಕರಣಗಳು ಹೋಗಿ ಪಾಲಿಯುರೆಥೇನ್ ಫೋಮ್ ಬಂದು ಕೂತಿತ್ತು. ಮೆತ್ತಗೆ, ಹಗುರ, ಅಗ್ಗ. ಕಿಡಿ ತಾಗಿದರೆ ಮಾತ್ರ ಧಗ್ಗನೆ ಹೊತ್ತಿಕೊಳ್ಳುವ ಸರಕು. ಅಗ್ನಿಶಾಮಕ ದಳದವರು ಅದನ್ನು ಗಟ್ಟಿ ಪೆಟ್ರೋಲ್ ಎಂದೇ ಕರೆಯುತ್ತಿದ್ದರು. ಅಮೆರಿಕದಲ್ಲಿ ವರ್ಷಕ್ಕೆ 12,000 ಮಂದಿ ಬೆಂಕಿಗೆ ಬಲಿಯಾಗುತ್ತಿದ್ದಾರೆ ಎಂದು 1973ರಲ್ಲಿ ರಾಷ್ಟ್ರೀಯ ಆಯೋಗವೊಂದು ವರದಿ ಕೊಟ್ಟಿತು. ಸಿಗರೇಟು ಹಚ್ಚಿಕೊಂಡೇ ಸೋಫಾದ ಮೇಲೆ ನಿದ್ದೆಹೋದವರ ಪಾಲು ಇದರಲ್ಲಿ ದೊಡ್ಡದು.

ಬೆಂಕಿಯನ್ನು ತಡೆಯುವ ಗುಣ ಬ್ರೋಮಿನ್‌ಗೆ ನಿಜಕ್ಕೂ ಇದೆ. ಜ್ವಾಲೆ ಎಂದರೆ ಒಂದರ ಹಿಂದೊಂದು ನಡೆಯುವ ರಾಸಾಯನಿಕ ಸರಣಿ. ಬಿಸಿಯೇರಿದ ಬ್ರೋಮಿನ್ ಅದರ ನಡುವೆ ನುಗ್ಗಿ, ಸರಣಿಯನ್ನು ಮುಂದೊಯ್ಯುವ ಚುರುಕು ಕಣಗಳನ್ನು ಹಿಡಿದು ನಿಲ್ಲಿಸಿಬಿಡುತ್ತದೆ. ಪ್ಲಾಸ್ಟಿಕ್ ಕಾಯಿಸುವಾಗ, ಫೋಮ್ ಉಬ್ಬಿಸುವಾಗ ಒಂದಿಷ್ಟು ಬೆರೆಸಿದರೆ ಆಯಿತು. ಬೆರೆಸುವುದು ಎಂಬ ಮಾತನ್ನು ಓದುಗರು ನೆನಪಿಟ್ಟುಕೊಳ್ಳಬೇಕು. ಈ ರಾಸಾಯನಿಕಗಳಲ್ಲಿ ಹೆಚ್ಚಿನವು ಫೋಮಿನ ಅಣುಗಳೊಡನೆ ಬೆಸೆದುಕೊಳ್ಳುವುದಿಲ್ಲ, ಸುಮ್ಮನೆ ನಡುನಡುವೆ ಕೂತಿರುತ್ತವೆ. ಕೂತದ್ದು ಏಳಬಲ್ಲದು. ಬೀರುವಿನಲ್ಲಿಟ್ಟ ನುಸಿಗುಳಿಗೆ ಯಾರೂ ಮುಟ್ಟದೆ ಸವೆಯುವಂತೆ ಇವೂ ವರ್ಷಗಟ್ಟಲೆ ಒಂಚೂರೇ ಹೊರಬೀಳುತ್ತವೆ, ಆದರೆ ವಾಸನೆಯಿಲ್ಲದೆ.

ಮೊದಲ ದೊಡ್ಡ ಅನಾಹುತ ಗಾಳಿಯಿಂದ ಬರಲಿಲ್ಲ, ಗೋಣಿಚೀಲದಿಂದ ಬಂತು. ಮಿಷಿಗನ್ನಿನ ಸೇಂಟ್ ಲೂಯಿಸ್ ಎಂಬ ಪುಟ್ಟ ಊರಿನಲ್ಲಿ ಮಿಷಿಗನ್ ಕೆಮಿಕಲ್ ಎಂಬ ಕಂಪನಿಯಿತ್ತು. ಅದು ಒಂದೇ ಸೂರಿನಡಿ ಎರಡು ಸರಕು ತಯಾರಿಸುತ್ತಿತ್ತು. ಒಂದು, ಟಿವಿ ಮತ್ತು ಟೈಪ್‌ರೈಟರಿನ ಪ್ಲಾಸ್ಟಿಕ್ ಕವಚಕ್ಕೆ ಬೆರೆಸುವ ಪಿಬಿಬಿ, ಅಂದರೆ ಪಾಲಿಬ್ರೋಮಿನೇಟೆಡ್ ಬೈಫಿನೈಲ್. ಅದರ ಮಾರಾಟದ ಹೆಸರು ಫೈರ್‌ಮಾಸ್ಟರ್. ಇನ್ನೊಂದು, ಹಾಲು ಕೊಡುವ ಹಸುಗಳ ಹಿಂಡಿಗೆ ಸೇರಿಸುವ ಮೆಗ್ನೀಷಿಯಂ ಆಕ್ಸೈಡ್. ಅದರ ಹೆಸರು ನ್ಯೂಟ್ರಿಮಾಸ್ಟರ್. ಮಾಮೂಲಿಗೆ ಎರಡರ ಚೀಲಗಳ ಬಣ್ಣ ಬೇರೆ ಬೇರೆ. 1973ರಲ್ಲಿ ಬಣ್ಣದ ಚೀಲಗಳು ಮುಗಿದು, ಕಂದು ಕಾಗದದ ಚೀಲದ ಮೇಲೆ ಕಪ್ಪು ಅಚ್ಚಿನಲ್ಲಿ ಹೆಸರು ಒತ್ತಿ ಕಳಿಸಿದರು. ಬ್ಯಾಟಲ್ ಕ್ರೀಕ್ ಊರಿನ ಬಳಿ ರೈತರ ಸಂಘಕ್ಕೆ ಸೇರಿದ ಮೇವಿನ ಗಿರಣಿಯಲ್ಲಿ ಫೈರ್‌ಮಾಸ್ಟರ್ ಚೀಲಗಳನ್ನು ಬಿಚ್ಚಿ ಹಿಂಡಿಗೆ ಸುರಿದರು. ಯಾರೂ ಬೇಕೆಂದು ಮಾಡಿದ್ದಲ್ಲ, ಯಾರಿಗೂ ಗೊತ್ತಾಗಲೂ ಇಲ್ಲ.

ಗೊತ್ತುಮಾಡಿಕೊಂಡವರು ಫ್ರೆಡರಿಕ್ ಹಾಲ್ಬರ್ಟ್ ಎಂಬ ರೈತ. ಕೆಮಿಕಲ್ ಎಂಜಿನಿಯರಿಂಗ್ ಓದಿ, ಡೌ ಕಂಪನಿಯಲ್ಲಿ ಕೆಲಕಾಲ ದುಡಿದು, ಅಪ್ಪನ ಹೈನುಗಾರಿಕೆಗೆ ಮರಳಿದವರು. 1973ರ ಶರತ್ಕಾಲದಲ್ಲಿ ಅವರ ಕೊಟ್ಟಿಗೆಯ ಹಸುಗಳು ಮೇವು ಮೂಸಿ ಬಿಡತೊಡಗಿದವು. ಕೆಚ್ಚಲು ಬತ್ತಿತು. ಗೊರಸು ಅಡ್ಡಾದಿಡ್ಡಿ ಬೆಳೆಯಿತು, ಚರ್ಮದ ಕೂದಲು ಉದುರಿತು, ಗಬ್ಬದ ಹಸುಗಳು ಕಂದು ಹಾಕಿದವು. ಪಶುವೈದ್ಯರು ಒಂದೊಂದು ರೋಗದ ಹೆಸರು ಹೇಳಿ ಹೋದರು. ಹಾಲ್ಬರ್ಟ್ ಹಿಂಡಿಯನ್ನೇ ಅನುಮಾನಿಸಿ, ಅದನ್ನು ಮಾತ್ರ ಕರುಗಳಿಗೆ ತಿನ್ನಿಸಿ ನೋಡಿದರು. ಕೆಲವು ಕರುಗಳು ಸತ್ತವು. ಕೈಯಿಂದ ದುಡ್ಡು ಹಾಕಿ ಪ್ರಯೋಗಾಲಯದಿಂದ ಪ್ರಯೋಗಾಲಯಕ್ಕೆ ಮೇವಿನ ಮಾದರಿ ಕಳಿಸಿದರು. ಎಲ್ಲರೂ ಕೀಟನಾಶಕ ಹುಡುಕಿದರು, ಯಾರಿಗೂ ಏನೂ ಸಿಗಲಿಲ್ಲ. ಕೊನೆಗೆ ಅಯೋವಾ ರಾಜ್ಯದ ಏಮ್ಸ್‌ನ ಪಶುರೋಗ ಪ್ರಯೋಗಾಲಯದಲ್ಲಿ, ಯಂತ್ರ ಎಂದಿಗಿಂತ ಹೆಚ್ಚು ಹೊತ್ತು ಓಡಿದಾಗ, ಕಾಗದದ ಮೇಲೆ ಗುರುತು ಪರಿಚಯವಿಲ್ಲದ ಶಿಖರಗಳು ಮೂಡಿದವು. ಭಾರವಾದ ಅಣುಗಳು ಆ ಯಂತ್ರದಿಂದ ತಡವಾಗಿ ಹೊರಬರುತ್ತವೆ. ಅಲ್ಲಿಯವರೆಗೆ ಕಾದು ಕೂತವರೇ ಇರಲಿಲ್ಲ. 1974ರ ವಸಂತದಲ್ಲಿ ಕೃಷಿ ಇಲಾಖೆಯ ಜಾರ್ಜ್ ಫ್ರೈಸ್ ಎಂಬ ವಿಜ್ಞಾನಿ ಅದು ಪಿಬಿಬಿ ಎಂದು ಗುರುತಿಸಿದರು. ಅಷ್ಟರಲ್ಲಿ ಆ ಹಸುಗಳ ಹಾಲು, ಬೆಣ್ಣೆ, ಮಾಂಸ ರಾಜ್ಯದ ಬಹುಪಾಲು ಜನರ ಹೊಟ್ಟೆ ಸೇರಿ ತಿಂಗಳುಗಳೇ ಕಳೆದಿದ್ದವು. 500ಕ್ಕೂ ಹೆಚ್ಚು ಜಮೀನುಗಳಿಗೆ ದಿಗ್ಬಂಧನ ಹಾಕಿದರು. ಸುಮಾರು 30,000 ದನಗಳನ್ನೂ 15 ಲಕ್ಷ ಕೋಳಿಗಳನ್ನೂ ಕೊಂದರು. ಹೆಚ್ಚಿನ ದನಗಳನ್ನು ಕಲ್ಕಾಸ್ಕ ಎಂಬಲ್ಲಿ ಹಳ್ಳ ತೋಡಿ ಹೂತರು. ಆ ರಾಜ್ಯದ ಜನರ ರಕ್ತದಲ್ಲಿ ಪಿಬಿಬಿ ಎಷ್ಟು ಉಳಿದಿದೆ ಎಂದು ಎಮೊರಿ ವಿಶ್ವವಿದ್ಯಾಲಯದವರು ಈ ಶತಮಾನದಲ್ಲೂ ಅಳೆದಿದ್ದಾರೆ.

ಮಿಷಿಗನ್ ಕೆಮಿಕಲ್ 1974ರ ಕೊನೆಯಲ್ಲಿ ಪಿಬಿಬಿ ತಯಾರಿಕೆ ನಿಲ್ಲಿಸಿತು. ಉದ್ಯಮ ಕಲಿತದ್ದೇನು? ಪಿಬಿಬಿ ಅಣುವಿನ ಎರಡು ಉಂಗುರಗಳ ನಡುವೆ ಒಂದೇ ಒಂದು ಆಮ್ಲಜನಕದ ಪರಮಾಣು ತೂರಿಸಿದರೆ ಬೇರೆ ಹೆಸರಿನ ವಸ್ತುವಾಗುತ್ತದೆ: ಪಾಲಿಬ್ರೋಮಿನೇಟೆಡ್ ಡೈಫಿನೈಲ್ ಈಥರ್, ಚಿಕ್ಕದಾಗಿ ಪಿಬಿಡಿಇ. ಕಾಗದದ ಮೇಲೆ ಅದು ಅಪರಾಧಿಯಲ್ಲ. ಮುಂದಿನ ಮೂವತ್ತು ವರ್ಷಗಳ ಇತಿಹಾಸವನ್ನು ಬರೆದದ್ದು ಈ ವಸ್ತು.

ಅದಕ್ಕೆ ಹೋಗುವ ಮುನ್ನ ಮಕ್ಕಳ ಪೈಜಾಮದ ಪ್ರಕರಣವೊಂದನ್ನು ಹೇಳಿಬಿಡಬೇಕು. 1970ರ ದಶಕದ ಆರಂಭದಲ್ಲಿ ಅಮೆರಿಕದಲ್ಲಿ ಮಕ್ಕಳ ರಾತ್ರಿಯುಡುಪು ಸುಲಭಕ್ಕೆ ಹೊತ್ತಿಕೊಳ್ಳಬಾರದೆಂಬ ನಿಯಮ ಬಂದಿತ್ತು. ಬಟ್ಟೆ ಗಿರಣಿಗಳು ಟ್ರಿಸ್ ಎಂಬ ಬ್ರೋಮಿನ್ ದ್ರವದಲ್ಲಿ ಬಟ್ಟೆ ಅದ್ದಿದವು. ಬರ್ಕ್ಲಿಯಲ್ಲಿ ಬ್ರೂಸ್ ಏಮ್ಸ್ ಎಂಬ ಜೀವರಸಾಯನ ವಿಜ್ಞಾನಿ, ವಸ್ತುವೊಂದು ವಂಶವಾಹಿಯನ್ನು ಕೆಡಿಸುತ್ತದೆಯೇ ಎಂದು ಬ್ಯಾಕ್ಟೀರಿಯಾ ಬಳಸಿ ಅಗ್ಗದಲ್ಲಿ ಪತ್ತೆಮಾಡುವ ಪರೀಕ್ಷೆ ರೂಪಿಸಿದ್ದರು. ಅವರ ಜತೆಗಿದ್ದ ಆರ್ಲೀನ್ ಬ್ಲಮ್ ಟ್ರಿಸ್ ಅನ್ನು ಆ ಪರೀಕ್ಷೆಗೆ ಒಡ್ಡಿದರು. 1977ರ ಜನವರಿಯಲ್ಲಿ ಇಬ್ಬರೂ ಕೂಡಿ ಬರೆದ ಲೇಖನ 'ಸೈನ್ಸ್' ಪತ್ರಿಕೆಯಲ್ಲಿ ಬಂತು. ಏಪ್ರಿಲ್‌ನಲ್ಲಿ ಸರ್ಕಾರ ಟ್ರಿಸ್ ಪೈಜಾಮಗಳನ್ನು ನಿಷೇಧಿಸಿತು. ವಿಜ್ಞಾನದ ಮಾತಿಗೆ ಆಡಳಿತ ಇಷ್ಟು ಬೇಗ ಕಿವಿಗೊಟ್ಟದ್ದು ಈ ಇಡೀ ಕತೆಯಲ್ಲಿ ಅದೇ ಮೊದಲು, ಅದೇ ಕೊನೆ. ಕಂಪನಿಗಳು ಬ್ರೋಮಿನ್ ತೆಗೆದು ಕ್ಲೋರಿನ್ ಹಾಕಿ ಇನ್ನೊಂದು ಟ್ರಿಸ್ ತಂದವು. ಅದೂ ವಂಶವಾಹಿ ಕೆಡಿಸುವಂಥದೇ ಎಂದು 1978ರಲ್ಲಿ ಅದೇ ಗುಂಪು ತೋರಿಸಿತು. ಪೈಜಾಮಗಳಿಂದ ಅದೂ ಹೊರಬಿತ್ತು. ಬ್ಲಮ್ ಆ ವರ್ಷ ನೇಪಾಳಕ್ಕೆ ಹೊರಟರು. ಅವರ ಮುಂದಾಳತ್ವದ ಮಹಿಳಾ ತಂಡ 1978ರ ಅಕ್ಟೋಬರ್ 15ರಂದು ಅನ್ನಪೂರ್ಣಾ ಶಿಖರ ಏರಿತು. ಅಮೆರಿಕದವರಾಗಲಿ ಮಹಿಳೆಯರಾಗಲಿ ಆ ಶಿಖರ ಮುಟ್ಟಿದ್ದು ಅದೇ ಮೊದಲು. ಎರಡನೇ ತಂಡದ ಇಬ್ಬರು ಹಿಂತಿರುಗಲಿಲ್ಲ. ಬ್ಲಮ್ ಈ ರಾಸಾಯನಿಕಗಳ ಕಡೆಗೆ ಮತ್ತೆ ಮುಖ ಮಾಡಿದ್ದು ಎರಡೂವರೆ ದಶಕ ಕಳೆದ ಮೇಲೆ. ಪೈಜಾಮದಿಂದ ತಾವು ಓಡಿಸಿದ್ದ ಕ್ಲೋರಿನ್ ಟ್ರಿಸ್ ಅಷ್ಟು ಹೊತ್ತಿಗೆ ಸೋಫಾದೊಳಗೆ ಸೇರಿಕೊಂಡಿತ್ತು.

ಸೋಫಾದೊಳಕ್ಕೆ ಅದು ಹೋದದ್ದು ಒಂದು ಸುತ್ತೋಲೆಯ ದೆಸೆಯಿಂದ. 1975ರಲ್ಲಿ ಕ್ಯಾಲಿಫೋರ್ನಿಯ ರಾಜ್ಯ 'ಟೆಕ್ನಿಕಲ್ ಬುಲೆಟಿನ್ 117' ಹೊರಡಿಸಿತು. ಪೀಠೋಪಕರಣದೊಳಗಿನ ಫೋಮಿನ ತುಂಡೊಂದನ್ನು ನೇತುಹಾಕಿ, ಕೆಳಗಿನಿಂದ ಸಣ್ಣ ಗ್ಯಾಸ್ ಜ್ವಾಲೆ ಹಿಡಿಯಬೇಕು. 12 ಸೆಕೆಂಡು ತಡೆದುಕೊಂಡರೆ ಪಾಸು. ರಾಸಾಯನಿಕ ಹಾಕಿ ಎಂದು ಸುತ್ತೋಲೆ ಎಲ್ಲೂ ಹೇಳಲಿಲ್ಲ. ಆದರೆ ಬರಿಯ ಫೋಮ್ 12 ಸೆಕೆಂಡು ತಡೆಯುವುದಿಲ್ಲ. ತಯಾರಕರು ತೂಕದ ನೂರಕ್ಕೆ ಐದು ಪಾಲಿನಷ್ಟು ಬೆಂಕಿನಿರೋಧಕ ಬೆರೆಸಿದರು; ಅದರಲ್ಲಿ ಮುಖ್ಯವಾದದ್ದು ಪಿಬಿಡಿಇ ಕುಟುಂಬದ ಪೆಂಟಾ. ಟಿವಿ, ಕಂಪ್ಯೂಟರಿನ ಕವಚಗಳಿಗೆ ಅದೇ ಕುಟುಂಬದ ಆಕ್ಟಾ ಮತ್ತು ಡೆಕಾ ಹೋದವು. ಕ್ಯಾಲಿಫೋರ್ನಿಯ ದೊಡ್ಡ ಮಾರುಕಟ್ಟೆ. ಅದೊಂದಕ್ಕೆ ಬೇರೆ ಸೋಫಾ ಮಾಡುವ ತಲೆನೋವು ಯಾರಿಗೂ ಬೇಡವಾಗಿ, ಬೇರೆ ರಾಜ್ಯಗಳ ಅಂಗಡಿಗಳಿಗೂ ಅದೇ ಫೋಮ್ ಹೋಯಿತು.

ಈ ಪರೀಕ್ಷೆಯಲ್ಲೊಂದು ತಮಾಷೆಯಿದೆ. ಸೋಫಾಕ್ಕೆ ಬೆಂಕಿ ಬಿದ್ದರೆ ಮೊದಲು ಹೊತ್ತುವುದು ಮೇಲಿನ ಬಟ್ಟೆ. ಬಟ್ಟೆ ಉರಿದು ಒಳಗಿನ ಫೋಮ್ ತಲುಪುವ ಹೊತ್ತಿಗೆ ಜ್ವಾಲೆ ಗ್ಯಾಸ್ ಕಡ್ಡಿಯಷ್ಟು ಇರುವುದಿಲ್ಲ, ಆಳೆತ್ತರ ಇರುತ್ತದೆ. ಬರಿ ಫೋಮಿನ 12 ಸೆಕೆಂಡಿನ ಶೌರ್ಯ ಆಗ ಯಾವ ಕೆಲಸಕ್ಕೂ ಬಾರದು. ತಜ್ಞರು ಇದನ್ನು ಹೇಳುತ್ತಲೇ ಬಂದರು. ಇನ್ನೊಂದು ದಾರಿಯೂ ಇತ್ತು: ಸಿಗರೇಟನ್ನೇ ಬದಲಿಸಿ, ಸೇದದಿದ್ದಾಗ ತಾನಾಗಿ ಆರುವಂತೆ ಮಾಡುವುದು. 1979ರಿಂದಲೇ ಅಮೆರಿಕದ ಸಂಸತ್ತಿನಲ್ಲಿ ಆ ಬಗ್ಗೆ ಮಸೂದೆಗಳು ಬಂದವು. ತಂಬಾಕು ಕಂಪನಿಗಳಿಗೆ ಇದು ಸುತರಾಂ ಒಪ್ಪಿಗೆಯಿರಲಿಲ್ಲ. ಅವು ಅಗ್ನಿಶಾಮಕ ಸಂಘಟನೆಗಳಿಗೆ ದೇಣಿಗೆ ಕೊಟ್ಟು, ತಪ್ಪು ಸಿಗರೇಟಿನದಲ್ಲ ಸೋಫಾದ್ದು ಎಂಬ ವಾದವನ್ನು ಅವರ ಬಾಯಿಂದ ಹೇಳಿಸಿದವು. ಆರುವ ಸಿಗರೇಟನ್ನು ಕಡ್ಡಾಯ ಮಾಡಿದ ಮೊದಲ ರಾಜ್ಯ ನ್ಯೂಯಾರ್ಕ್, ಅದೂ 2004ರಲ್ಲಿ.

ಎಚ್ಚರಿಕೆಯ ಗಂಟೆ ಬಾರಿಸಿದ್ದು ಸ್ವೀಡನ್. ಅಲ್ಲಿ ವಿಸ್ಕಾನ್ ಎಂಬ ನದಿಯ ದಂಡೆಯಲ್ಲಿ ಬಟ್ಟೆ ಗಿರಣಿಗಳಿದ್ದವು. ಆ ನದಿಯ ಮೀನುಗಳಲ್ಲಿ ಪಿಬಿಡಿಇ ಇದೆಯೆಂದು 1981ರಲ್ಲಿ ವರದಿಯಾಯಿತು. ಒಂದು ನದಿ, ಕೆಲವು ಗಿರಣಿ ಎಂದು ಜಗತ್ತು ಸುಮ್ಮನಾಯಿತು. 1998ರಲ್ಲಿ ಬಂದ ಸುದ್ದಿಗೆ ಸುಮ್ಮನಿರಲಾಗಲಿಲ್ಲ. ಸ್ಟಾಕ್‌ಹೋಮ್‌ನ ಎದೆಹಾಲಿನ ಕೇಂದ್ರದಲ್ಲಿ 1972ರಿಂದ ತಾಯಂದಿರ ಹಾಲಿನ ಮಾದರಿಗಳನ್ನು ಶೀತಲೀಕರಿಸಿ ಇಟ್ಟಿದ್ದರು. ಕೊಯ್ದು ನೊರೆನ್, ಡೈವಾ ಮೈರೊನಿಟೆ ಮತ್ತು ಓಕೆ ಬರ್ಗ್‌ಮನ್ ಆ ಹಳೆಯ ಹಾಲನ್ನು ವರ್ಷವಾರು ಕರಗಿಸಿ ಪರೀಕ್ಷಿಸಿದರು. ನಿಷೇಧಕ್ಕೊಳಗಾದ ಹಳೆಯ ವಿಷಗಳಾದ ಡಿಡಿಟಿ, ಪಿಸಿಬಿಗಳ ರೇಖೆ ಇಳಿಮುಖವಾಗಿತ್ತು. ಪಿಬಿಡಿಇ ರೇಖೆ ಮಾತ್ರ ಏರುತ್ತಲೇ ಹೋಗಿತ್ತು: 1972ರಲ್ಲಿ ಒಂದು ಗ್ರಾಂ ಕೊಬ್ಬಿಗೆ 0.07 ನ್ಯಾನೊಗ್ರಾಂ, 1997ರಲ್ಲಿ 4.02. ಹೆಚ್ಚುಕಡಿಮೆ ಐದೈದು ವರ್ಷಕ್ಕೊಮ್ಮೆ ದುಪ್ಪಟ್ಟು. ಸ್ವೀಡನ್ನಿನವರು ಇಷ್ಟಕ್ಕೇ ಬೆಚ್ಚಿದರು. ಅಮೆರಿಕದ ತಾಯಂದಿರ ಹಾಲನ್ನು ಪರೀಕ್ಷಿಸಿದಾಗ ಯುರೋಪಿನ ಹತ್ತರಿಂದ ನೂರು ಪಟ್ಟು ಕಂಡಿತು.

ಸೋಫಾದೊಳಗೆ ತುಂಬಿದ್ದು ಹಾಲಿಗೆ ಹೇಗೆ ಬಂತು? ದೊಡ್ಡ ಪಾಲು ಮನೆಯ ಧೂಳಿನಿಂದ. ಸದಾ ಮೈ ನೆಕ್ಕಿಕೊಳ್ಳುವ ಸಾಕುಬೆಕ್ಕುಗಳ ರಕ್ತದಲ್ಲಿ ಪಿಬಿಡಿಇ ವಿಪರೀತ ಇರುವುದು 2007ರಲ್ಲಿ ಗೊತ್ತಾಯಿತು. ಆದರೆ ಮನೆಯೊಳಗಿನದು ಮನೆಯೊಳಗೇ ಉಳಿಯಲಿಲ್ಲ. ಅದರ ಲೆಕ್ಕ ಸಿಕ್ಕಿದ್ದು ಬೇರೆಯದೇ ಕೆಲಸಕ್ಕೆಂದು ಇಟ್ಟ ಯಂತ್ರಗಳಲ್ಲಿ.

ಅಮೆರಿಕ ಮತ್ತು ಕೆನಡಾದ ನಡುವೆ ಐದು ಮಹಾಸರೋವರಗಳಿವೆ. ಅವುಗಳಿಗೆ ಬೀಳುವ ವಿಷದಲ್ಲಿ ನದಿ, ಚರಂಡಿಗಳಿಂದ ಬಂದದ್ದು ಎಷ್ಟು, ಗಾಳಿಯಿಂದ ಉದುರಿದ್ದು ಎಷ್ಟು ಎಂಬ ತಕರಾರು ಬಹಳ ಕಾಲ ನಡೆದಿತ್ತು. ತೀರ್ಮಾನಕ್ಕೆಂದು 1990ರಲ್ಲಿ ಎರಡೂ ದೇಶಗಳು ಸೇರಿ ದಡಗಳುದ್ದಕ್ಕೂ ಗಾಳಿ ಅಳೆಯುವ ಜಾಲವೊಂದನ್ನು ಹೂಡಿದವು. ಶಿಕಾಗೊ ನಗರದ ನಡುವೆ ಒಂದು ತಾಣ, ಸ್ಲೀಪಿಂಗ್ ಬೇರ್ ಎಂಬ ಮರಳುದಿಬ್ಬದಲ್ಲಿ ಒಂದು, ಈರಿ ಸರೋವರದ ಸ್ಟರ್ಜನ್ ಪಾಯಿಂಟ್‌ನಲ್ಲಿ ಒಂದು, ಸುಪೀರಿಯರ್ ಸರೋವರದೊಳಕ್ಕೆ ಚಾಚಿದ ನಿರ್ಜನ ಭೂಶಿರದ ಈಗಲ್ ಹಾರ್ಬರಿನಲ್ಲಿ ಒಂದು. ಯಂತ್ರ ನೋಡಲು ತೀರಾ ಸಾದಾ: ಸೊಂಟದೆತ್ತರದ ತಗಡಿನ ಪೆಟ್ಟಿಗೆ, ಮೇಲೊಂದು ಇಳಿಜಾರು ಚಾವಣಿ, ಒಳಗೆ ಗುಂಯ್‌ಗುಡುವ ಮೋಟಾರು. ಹನ್ನೆರಡು ದಿನಕ್ಕೊಮ್ಮೆ ಅದು 24 ಗಂಟೆ ಗಾಳಿ ಎಳೆದುಕೊಳ್ಳುತ್ತದೆ. ಮೊದಲು ಸಿಗುವ ಸ್ಫಟಿಕ ನಾರಿನ ಹಾಳೆ ಧೂಳಿನ ಕಣಗಳನ್ನು ಹಿಡಿಯುತ್ತದೆ. ಹಾಳೆ ದಾಟಿದ ಆವಿಯನ್ನು ಉಕ್ಕಿನ ಕೊಳವೆಯಲ್ಲಿ ತುಂಬಿದ ರಾಳದ ಸಣ್ಣ ಹರಳುಗಳು ಹೀರಿಕೊಳ್ಳುತ್ತವೆ. ಒಂದು ದಿನಕ್ಕೆ ನೂರಾರು ಘನ ಮೀಟರ್ ಗಾಳಿ. ಅದರಲ್ಲಿ ಸಿಗುವ ಸರಕು ಕಣ್ಣಿಗೆ ಕಾಣುವಷ್ಟೂ ಇಲ್ಲ.

ಹಾಳೆ ಮತ್ತು ರಾಳ ಇಂಡಿಯಾನಾ ವಿಶ್ವವಿದ್ಯಾಲಯದ ರೊನಾಲ್ಡ್ ಹೈಟ್ಸ್ ಅವರ ಪ್ರಯೋಗಾಲಯಕ್ಕೆ ಬರುತ್ತಿದ್ದವು. ಅಲ್ಲಿ ಹುಡುಕುತ್ತಿದ್ದದ್ದು ಹಳೆಯ ಪರಿಚಿತರನ್ನು, ಪಿಸಿಬಿ ಮತ್ತು ಡಿಡಿಟಿಗಳನ್ನು. 1997ರಿಂದ 1999ರವರೆಗಿನ ಮಾದರಿಗಳನ್ನು ಬ್ರೋಮಿನ್‌ಗಾಗಿ ಮತ್ತೆ ಸೋಸಿದರು. ಬ್ರೋಮಿನ್ ಅಡಗಿಕೊಳ್ಳಲಾರದು. ಪ್ರಕೃತಿಯಲ್ಲಿ ಅದರ ಪರಮಾಣುಗಳು ಎರಡು ತೂಕದವು, 79 ಮತ್ತು 81. ಎರಡೂ ಹೆಚ್ಚುಕಡಿಮೆ ಅರ್ಧರ್ಧ. ಹಾಗಾಗಿ ದ್ರವ್ಯರಾಶಿ ಅಳೆಯುವ ಯಂತ್ರದಲ್ಲಿ ಆ ಎರಡು ಸಂಖ್ಯೆಗಳ ಮೇಲೆ ಸಮಾನ ಎತ್ತರದ ಜೋಡಿ ಗೆರೆಗಳು ಏಳುತ್ತವೆ. ಎಲ್ಲ ತಾಣಗಳ ಮಾದರಿಯಲ್ಲೂ ಜೋಡಿ ಗೆರೆಗಳಿದ್ದವು. 2001ರಲ್ಲಿ ಪ್ರಕಟವಾದ ಲೆಕ್ಕದಂತೆ ಸುಪೀರಿಯರ್ ಸರೋವರದ ಬಳಿ ಒಂದು ಘನ ಮೀಟರ್ ಗಾಳಿಯಲ್ಲಿ ಸುಮಾರು 5 ಪಿಕೊಗ್ರಾಂ ಪಿಬಿಡಿಇ, ಶಿಕಾಗೊದಲ್ಲಿ ಸುಮಾರು 52. ಪಿಕೊಗ್ರಾಂ ಎಂದರೆ ಒಂದು ಗ್ರಾಮಿನ ಲಕ್ಷ ಕೋಟಿಯ ಒಂದು ಪಾಲು; ಉಸಿರಾಡಿದವರು ಬಿದ್ದು ಸಾಯುವ ಪ್ರಮಾಣವಲ್ಲ. ಆದರೆ ಈಗಲ್ ಹಾರ್ಬರಿನ ಆಸುಪಾಸಿನಲ್ಲಿ ಸೋಫಾ ಕಾರ್ಖಾನೆಯಿಲ್ಲ, ಫೋಮಿನ ಗಿರಣಿಯಿಲ್ಲ. ಇರುವುದು ಪೈನ್ ಮರ ಮತ್ತು ನೀರು. ಅಲ್ಲಿಗೂ ಇದು ಬಂದಿದೆ ಎಂದರೆ ನಗರದ ಲಕ್ಷಾಂತರ ಬೈಠಕ್‌ಖಾನೆಗಳ ಕಿಟಕಿಯಿಂದ ಆಚೆ ಬಂದು ದಾರಿ ಸವೆಸಿದೆ ಎಂದೇ ಅರ್ಥ.

ದಾರಿ ಸವೆಸುವ ರೀತಿಯೂ ತಿಳಿಯಿತು. ಕಡಿಮೆ ಬ್ರೋಮಿನ್ ಇರುವ ಹಗುರ ಅಣುಗಳು ಬೇಸಗೆಯ ಗಾಳಿಯಲ್ಲಿ ಬಹುತೇಕ ಆವಿಯಾಗಿಯೇ ಇರುತ್ತವೆ. ಬಿಸಿಲಿಗೆ ಏಳುತ್ತವೆ, ಚಳಿಗೆ ಇಳಿದು ಎಲೆ, ಮಣ್ಣು, ನೀರಿನ ಮೇಲೆ ಕೂರುತ್ತವೆ, ಮತ್ತೆ ಬಿಸಿಲು ಬಂದರೆ ಮತ್ತೆ ಹೊರಡುತ್ತವೆ. ಹೀಗೆ ಹಂತಹಂತವಾಗಿ ಧ್ರುವದ ಕಡೆ ಸಾಗುತ್ತವೆ. ಕೆನಡಾದ ಉತ್ತರದ ಹೋಲ್ಮನ್ ದ್ವೀಪದ ಸೀಲ್‌ಗಳ ಕೊಬ್ಬಿನಲ್ಲಿ 1981ರಿಂದ 2000ದವರೆಗೆ ಪಿಬಿಡಿಇ ಏರುತ್ತಲೇ ಹೋದದ್ದನ್ನು 2002ರ ಅಧ್ಯಯನವೊಂದು ತೋರಿಸಿತು. ಹತ್ತು ಬ್ರೋಮಿನ್ ಹೊತ್ತ ಡೆಕಾದಂಥ ಭಾರದ ಅಣುಗಳು ಧೂಳಿನ ಕಣಕ್ಕೆ ಅಂಟಿಕೊಂಡು ಸವಾರಿ ಮಾಡುತ್ತವೆ. ಮಳೆ ಬಂದರೆ ತೊಳೆದು ಇಳಿಯುತ್ತವೆ. ಹೈಟ್ಸ್ ಬಳಗ ಯಂತ್ರವಿಲ್ಲದ ಕಡೆ ಮರದ ತೊಗಟೆಯನ್ನೇ ಕೆತ್ತಿ ತಂದಿತು. ತೊಗಟೆಯ ಜಿಡ್ಡು ವರ್ಷಗಟ್ಟಲೆ ಗಾಳಿಯನ್ನು ಹಿಡಿದಿಡುತ್ತದೆ. ಉತ್ತರ ಅಮೆರಿಕದ ತೊಗಟೆಗಳಲ್ಲಿ ಅತಿ ಹೆಚ್ಚು ಬ್ರೋಮಿನ್ ಸಿಕ್ಕಿದ್ದು ಅರ್ಕನ್ಸಾದ ಎಲ್ ಡೊರಾಡೊ, ಮ್ಯಾಗ್ನೋಲಿಯಾ ಊರುಗಳ ಸುತ್ತ. ಮಿಷಿಗನ್ನಿನ ಬಾವಿಗಳ ಕಾಲ ಮುಗಿದ ಮೇಲೆ ಬ್ರೋಮಿನ್ ಉದ್ಯಮ ನೆಲೆ ನಿಂತದ್ದು ಅಲ್ಲೇ.

ಅದೇ ಪ್ರಯೋಗಾಲಯದಲ್ಲಿ ಯೂನ್ಹಾ ಹೊ ಎಂಬ ಸಂಶೋಧಕಿ ಗಾಳಿಯ ಮಾದರಿಗಳಲ್ಲಿ ಬ್ರೋಮಿನ್ ಅಲ್ಲದ, ಕ್ಲೋರಿನ್ ತುಂಬಿದ ಅಪರಿಚಿತ ವಸ್ತುವೊಂದನ್ನು ಕಂಡರು. ಅದು ಡೆಕ್ಲೊರೇನ್ ಪ್ಲಸ್ ಎಂದು 2006ರಲ್ಲಿ ಪ್ರಕಟಿಸಿದರು. ದಶಕಗಳಿಂದ ತಯಾರಾಗುತ್ತಿದ್ದ ವಸ್ತು, ಆದರೂ ಪರಿಸರದಲ್ಲಿ ಅದನ್ನು ಯಾರೂ ಹುಡುಕಿರಲಿಲ್ಲ. ಅತಿ ಹೆಚ್ಚು ಸಿಕ್ಕಿದ್ದು ಸ್ಟರ್ಜನ್ ಪಾಯಿಂಟ್‌ನಲ್ಲಿ. ಕಾರ್ಖಾನೆ ಇದ್ದದ್ದು ಅದಕ್ಕೆ ಹತ್ತಿರದ ನಯಾಗರ ಫಾಲ್ಸ್ ನಗರದಲ್ಲಿ. ಇದರ ಪೂರ್ವಜ ಮೈರೆಕ್ಸ್, ಕೆಂಪಿರುವೆ ಕೊಲ್ಲಲು ಬಳಸುತ್ತಿದ್ದ ವಿಷ. ಪ್ಲಾಸ್ಟಿಕ್ಕಿಗೆ ಬೆಂಕಿನಿರೋಧಕವಾಗಿ ಮಾರುವಾಗ ಅದರ ಹೆಸರು ಬರಿಯ ಡೆಕ್ಲೊರೇನ್. ಅದು ಕೆಟ್ಟ ಹೆಸರು ಪಡೆದ ಮೇಲೆ ಪ್ಲಸ್ ಸೇರಿಸಿಕೊಂಡು ಬಂದದ್ದು ಈ ವಸ್ತು.

ಅಷ್ಟರಲ್ಲಿ ನಿಷೇಧಗಳು ಆರಂಭವಾಗಿದ್ದವು. ಯುರೋಪ್ ಒಕ್ಕೂಟ 2004ರಲ್ಲಿ ಪೆಂಟಾ, ಆಕ್ಟಾಗಳನ್ನು ಕೈಬಿಟ್ಟಿತು. ಅಮೆರಿಕದಲ್ಲಿ ಅವುಗಳ ಏಕೈಕ ತಯಾರಕ ಗ್ರೇಟ್ ಲೇಕ್ಸ್ ಕೆಮಿಕಲ್ ಕಂಪನಿ ಅದೇ ವರ್ಷದ ಕೊನೆಗೆ ತಾನಾಗಿಯೇ ನಿಲ್ಲಿಸಿತು. ದೀರ್ಘಕಾಲ ಉಳಿಯುವ ಮಾಲಿನ್ಯಕಾರಕಗಳಿಗೆ ಕಡಿವಾಣ ಹಾಕುವ ಸ್ಟಾಕ್‌ಹೋಮ್ ಎಂಬ ಅಂತರರಾಷ್ಟ್ರೀಯ ಒಪ್ಪಂದದ ಪಟ್ಟಿಗೆ ಅವು 2009ರಲ್ಲಿ ಸೇರಿದವು, ಡೆಕಾ 2017ರಲ್ಲಿ. ಪೆಂಟಾದ ಜಾಗಕ್ಕೆ ಬಂದ ಮಿಶ್ರಣದ ಹೆಸರು ಫೈರ್‌ಮಾಸ್ಟರ್ 550. ಹೌದು, ಮಿಷಿಗನ್ನಿನ ಚೀಲಗಳ ಮೇಲಿದ್ದ ಅದೇ ಫೈರ್‌ಮಾಸ್ಟರ್. ಹೆಸರಿಗಾದರೂ ನಾಚಿಕೆ ಬೇಡವೇ ಎಂದು ಕೇಳಬಹುದು. ಮಾರುಕಟ್ಟೆಯ ನೆನಪು ಅಷ್ಟು ಉದ್ದದ್ದಲ್ಲ ಎಂಬ ಧೈರ್ಯ ಅವರಿಗಿದ್ದಿರಬೇಕು. ಅದರ ಅಂಶಗಳನ್ನು ಡ್ಯೂಕ್ ವಿಶ್ವವಿದ್ಯಾಲಯದ ಹೆದರ್ ಸ್ಟೇಪಲ್ಟನ್ 2008ರಲ್ಲಿ ಬಾಸ್ಟನ್ ಮನೆಗಳ ಧೂಳಿನಲ್ಲಿ ತೋರಿಸಿದರು. ಸರೋವರದ ಯಂತ್ರಗಳಿಗೂ ಅವು ಸಿಕ್ಕವು. 2005ರಿಂದ 2011ರವರೆಗಿನ ಮಾದರಿಗಳನ್ನು ಸಾಲಾಗಿ ಇಟ್ಟು ನೋಡಿದಾಗ ದೂರದ ದಡಗಳಲ್ಲಿ ಪಿಬಿಡಿಇ ಇಳಿಯುತ್ತಿತ್ತು. ಶಿಕಾಗೊ, ಕ್ಲೀವ್‌ಲ್ಯಾಂಡ್ ನಗರಗಳಲ್ಲಿ ಇಳಿದಿರಲಿಲ್ಲ. ತಯಾರಿಕೆ ನಿಂತರೇನಂತೆ, ಹಳೆಯ ಸೋಫಾ ಮನೆಯಲ್ಲಿದೆ. ಇಲ್ಲವೆಂದರೆ ಫುಟ್‌ಪಾತಿನಲ್ಲಿದೆ, ಇಲ್ಲವೆಂದರೆ ಕಸದ ಗುಡ್ಡದಲ್ಲಿದೆ.

ಕ್ಯಾಲಿಫೋರ್ನಿಯದಲ್ಲಿ 12 ಸೆಕೆಂಡಿನ ನಿಯಮ ಬದಲಿಸುವ ಯತ್ನಗಳು ವರ್ಷವರ್ಷ ಸೋಲುತ್ತಿದ್ದವು. ಎದುರು ನಿಂತದ್ದು 'ಅಗ್ನಿ ಸುರಕ್ಷೆಗಾಗಿ ನಾಗರಿಕರು' ಎಂಬರ್ಥದ ಹೆಸರಿನ ಸಂಘ. ಸಿಯಾಟಲ್‌ನ ಹೆಸರಾಂತ ಸುಟ್ಟಗಾಯ ತಜ್ಞರೊಬ್ಬರು ಶಾಸಕರ ಮುಂದೆ ನಿಂತು, ಬೆಂಕಿನಿರೋಧಕವಿಲ್ಲದ ದಿಂಬಿಗೆ ಮೇಣದಬತ್ತಿ ತಾಗಿ ಸುಟ್ಟು ಸತ್ತ ಹಸುಗೂಸಿನ ಕತೆ ಹೇಳಿ ಕಣ್ಣೀರು ತರಿಸಿದರು. 2012ರಲ್ಲಿ 'ಶಿಕಾಗೊ ಟ್ರಿಬ್ಯೂನ್' ಪತ್ರಿಕೆಯ ವರದಿಗಾರರು ಜಾಡು ಹಿಡಿದು ಹೋದರು. ಅಂಥ ಮಗು ಇರಲಿಲ್ಲ, ಅಂಥ ಬೆಂಕಿಯೂ ಬಿದ್ದಿರಲಿಲ್ಲ. ನಾಗರಿಕರ ಸಂಘದ ಹಿಂದಿದ್ದ ನಾಗರಿಕರು ಮೂರೇ: ಆಲ್ಬೆಮಾರ್ಲ್, ಕೆಮ್ಟುರಾ, ಐಸಿಎಲ್, ಆಗ ಜಗತ್ತಿನ ಮೂರು ದೊಡ್ಡ ಬೆಂಕಿನಿರೋಧಕ ಕಂಪನಿಗಳು. ಆರ್ಲೀನ್ ಬ್ಲಮ್ ಮತ್ತು ಸಂಗಡಿಗರು ಹೇಳುತ್ತಾ ಬಂದದ್ದಕ್ಕೆ ಆಗ ಬೆಲೆ ಬಂತು. ಗವರ್ನರ್ ಜೆರಿ ಬ್ರೌನ್ ಆದೇಶದಂತೆ ನಿಯಮ ತಿದ್ದಿದರು. ಬರಿ ಫೋಮಿಗೆ ಜ್ವಾಲೆ ಹಿಡಿಯುವ ಪರೀಕ್ಷೆ ಹೋಗಿ, ಮೇಲಿನ ಬಟ್ಟೆ ಸಿಗರೇಟಿನ ಕೆಂಡವನ್ನು ತಡೆದುಕೊಳ್ಳುತ್ತದೆಯೇ ಎಂಬ ಪರೀಕ್ಷೆ ಬಂತು. ಯಾವ ರಾಸಾಯನಿಕವೂ ಇಲ್ಲದ ಸೋಫಾ ಅದನ್ನು ಪಾಸು ಮಾಡಬಲ್ಲದು. 2015ರ ಜನವರಿಯಿಂದ ಅದು ಕಡ್ಡಾಯವಾಯಿತು. ನಲವತ್ತು ವರ್ಷ ಹಿಡಿಯಿತು ಬಟ್ಟೆ ಮೊದಲು ಉರಿಯುತ್ತದೆ ಎಂದು ಒಪ್ಪಿಕೊಳ್ಳಲು.

ಗಾಳಿಯಲ್ಲಿ ಮಾತ್ರ ಜಾಗ ಖಾಲಿಯಾಗಿರಲಿಲ್ಲ. 2012ರ ಮಾದರಿಗಳಲ್ಲಿ ಹೈಟ್ಸ್ ಬಳಗದ ಅಮಿನಾ ಸಲಮೋವಾ ಮತ್ತಿತರರು ರಂಜಕ ಆಧಾರಿತ ಬೆಂಕಿನಿರೋಧಕಗಳನ್ನು ಹುಡುಕಿದರು. ಸರೋವರದ ಗಾಳಿಯಲ್ಲಿ ಅವು ಬ್ರೋಮಿನ್‌ನವಕ್ಕಿಂತ ನೂರಾರು ಪಟ್ಟು ಹೆಚ್ಚಿದ್ದವು. ಶಿಕಾಗೊ, ಕ್ಲೀವ್‌ಲ್ಯಾಂಡ್‌ನಲ್ಲಿ ಮೇಲುಗೈ ಅವುಗಳಲ್ಲೇ ಕ್ಲೋರಿನ್ ಇರುವವುಗಳದ್ದು, ಅಂದರೆ ಪೈಜಾಮದಿಂದ ಓಡಿಸಿದ್ದ ಟ್ರಿಸ್‌ನ ನೆಂಟರದ್ದು.

ಅಮೆರಿಕದ ಟಿವಿ, ಕಂಪ್ಯೂಟರುಗಳು ಹಳತಾದ ಮೇಲೆ ಅಲ್ಲೇ ಉಳಿಯಲಿಲ್ಲ. ಹಡಗೇರಿ ಏಷ್ಯಾಕ್ಕೆ ಬಂದವು. ಚೀನಾದ ಗ್ವಿಯು ಪಟ್ಟಣದಲ್ಲಿ ಕಲ್ಲಿದ್ದಲ ಒಲೆಯ ಮೇಲೆ ಸರ್ಕ್ಯೂಟ್ ಹಲಗೆ ಕಾಯಿಸಿ ಚಿಪ್ ಕಳಚುತ್ತಿದ್ದರು. ತಾಮ್ರಕ್ಕಾಗಿ ವೈರುಗಳ ರಾಶಿಗೆ ಬಯಲಲ್ಲೇ ಬೆಂಕಿ ಹಚ್ಚುತ್ತಿದ್ದರು. ಬೆಂಕಿಯನ್ನು ತಡೆಯಲೆಂದೇ ಪ್ಲಾಸ್ಟಿಕ್ಕಿಗೆ ಸೇರಿದ್ದ ವಸ್ತು ಕೊನೆಗೆ ಬೆಂಕಿಯಲ್ಲೇ ಬಿಡುಗಡೆಯಾಯಿತು. ಅಲ್ಲಿನ ಗಾಳಿಯ ಕಣಗಳಲ್ಲಿ ಘನ ಮೀಟರಿಗೆ 20,000 ಪಿಕೊಗ್ರಾಂ ಮೀರಿ ಪಿಬಿಡಿಇ ಇರುವುದು 2007ರಲ್ಲಿ ವರದಿಯಾಯಿತು. ಶಿಕಾಗೊದ 52ರ ಪಕ್ಕದಲ್ಲಿ ಇಟ್ಟು ನೋಡಬಹುದು. ಹಾಗೆ ಸುಟ್ಟಾಗ ಅಣುಗಳು ಒಡೆದು ಬ್ರೋಮಿನ್ ಡಯಾಕ್ಸಿನ್‌ಗಳೆಂಬ ವಿಷಗಳೂ ಹುಟ್ಟುತ್ತವೆ.

ಭಾರತದ ಕರಾವಳಿಯ ಗಾಳಿಯಲ್ಲಿ ಪಿಬಿಡಿಇ ಅಳೆದ ಅಧ್ಯಯನ 2008ರಲ್ಲಿ ಪ್ರಕಟವಾಯಿತು. ಮೋಟಾರಿಲ್ಲದ, ಕರೆಂಟು ಬೇಡದ ಸರಳ ಸಾಧನದಿಂದ ಮಾಡಿದ್ದು: ಎರಡು ಉಕ್ಕಿನ ಬಟ್ಟಲುಗಳನ್ನು ಒಂದಕ್ಕೊಂದು ಮುಖ ಮಾಡಿ ನೇತುಹಾಕಿ, ನಡುವೆ ಬಿಲ್ಲೆಯೊಂದನ್ನು ವಾರಗಟ್ಟಲೆ ಬಿಡುತ್ತಾರೆ, ಗಾಳಿ ಸುಳಿದಾಡಿ ಬಿಲ್ಲೆಯಲ್ಲಿ ತನ್ನ ಸರಕು ಬಿಟ್ಟುಹೋಗುತ್ತದೆ. ಆ ಬಿಲ್ಲೆ ಪಾಲಿಯುರೆಥೇನ್ ಫೋಮಿನದು. ಬೆಂಕಿನಿರೋಧಕ ಹಾಕದ ಶುದ್ಧ ಫೋಮ್ ಗಾಳಿಯಲ್ಲಿರುವುದನ್ನು ಚೆನ್ನಾಗಿ ಹೀರಿಕೊಳ್ಳುತ್ತದೆ. ಬೆಂಗಳೂರಿನ ಗೌರಿಪಾಳ್ಯದ ಗಲ್ಲಿಗಳಲ್ಲಿ ಐಟಿ ಕಚೇರಿಗಳ ಹಳೆಯ ಮಾನಿಟರು, ಕೀಬೋರ್ಡುಗಳನ್ನು ಕಳಚುವ ಕಸುಬು ವರ್ಷಗಳಿಂದ ನಡೆದಿದೆ. ಅವುಗಳ ಕವಚಗಳು ತಯಾರಾದದ್ದು ಡೆಕಾ ಯುಗದಲ್ಲೇ. ಹೊಸ ವಿದ್ಯುನ್ಮಾನ ಸಾಮಗ್ರಿಯಲ್ಲಿ ಪಿಬಿಬಿ, ಪಿಬಿಡಿಇ ನೂರಕ್ಕೆ 0.1ಕ್ಕಿಂತ ಹೆಚ್ಚಿರಬಾರದೆಂದು ಭಾರತದ ಇ-ತ್ಯಾಜ್ಯ ನಿಯಮಗಳು 2012ರಿಂದ ಹೇಳುತ್ತವೆ. 2018ರ ಮಾರ್ಚ್‌ನಲ್ಲಿ ಕೇಂದ್ರ ಪರಿಸರ ಸಚಿವಾಲಯ ದೀರ್ಘಕಾಲ ಉಳಿಯುವ ಏಳು ಸಾವಯವ ಮಾಲಿನ್ಯಕಾರಕಗಳನ್ನು ನಿಷೇಧಿಸುವ ನಿಯಮ ಹೊರಡಿಸಿತು. ಪಿಬಿಬಿಯ ಒಂದು ರೂಪ, ಪೆಂಟಾ, ಆಕ್ಟಾ ಆ ಪಟ್ಟಿಯಲ್ಲಿದ್ದವು. ಅಷ್ಟರಲ್ಲಿ ಅಮೆರಿಕದಲ್ಲಿ ಅವುಗಳ ತಯಾರಿಕೆ ನಿಂತು ದಶಕಕ್ಕೂ ಹೆಚ್ಚಾಗಿತ್ತು. ಹಿಂದಿನ ವರ್ಷವಷ್ಟೇ ಸ್ಟಾಕ್‌ಹೋಮ್ ಒಪ್ಪಂದದ ಪಟ್ಟಿಗೆ ಸೇರಿದ್ದ ಡೆಕಾ ಆ ಏಳರಲ್ಲಿ ಇರಲಿಲ್ಲ. ನಯಾಗರದ ಡೆಕ್ಲೊರೇನ್ ಪ್ಲಸ್ ಅಂತರರಾಷ್ಟ್ರೀಯ ಪಟ್ಟಿ ಸೇರಿದ್ದೇ 2023ರಲ್ಲಿ, ಈರಿ ಸರೋವರದ ದಡದ ಯಂತ್ರಕ್ಕೆ ಅದು ಸಿಕ್ಕಿಬಿದ್ದ ಹದಿನೇಳು ವರ್ಷಗಳ ನಂತರ.